ಎ-ಎಂಎಸ್‌ಡಿಯು, ಎ-ಎಂಪಿಡಿಯು: ಡೊಂಬಿವಲಿಯ ಮನೆಯಲ್ಲಿ ಯಾವುದು ಮೇಲು?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಮನೆಗೊಂದು ವೈಫೈ. ಎಲ್ಲ ರೂಟರ್‌ಗಳೂ ಅದೇ ಕೆಲವು ಚಾನೆಲ್‌ಗಳಿಗೆ ಮುಗಿಬೀಳುತ್ತವೆ. ಇಂಥ ಕಡೆ ಫ್ರೇಮ್‌ಗಳನ್ನು, ಅಂದರೆ ವೈಫೈ ಕಳಿಸುವ ಡೇಟಾ ತುಂಡುಗಳನ್ನು, ಒಟ್ಟುಗೂಡಿಸಿ ಕಳಿಸುವ ಎ-ಎಂಎಸ್‌ಡಿಯು, ಎ-ಎಂಪಿಡಿಯು ಎಂಬ ಎರಡು ವಿಧಾನಗಳಲ್ಲಿ ಯಾವುದು ಹೆಚ್ಚು ಉಪಯೋಗ ಎಂದು ನೋಡಬೇಕಿತ್ತು. ಸೆಟ್ಟಿಂಗ್ ಬದಲಾಯಿಸಲು ಬಿಡುವ ರೂಟರ್ ಇಟ್ಟುಕೊಂಡು ಐಪರ್ಫ್ ಎಂಬ ಸಾಫ್ಟ್‌ವೇರ್‌ನಲ್ಲಿ ವೇಗ ಅಳೆದೆ.

ಮೊದಲು ಎರಡನ್ನೂ ಬಂದ್ ಮಾಡಿದೆ. ವೇಗ ಕುಸಿದೇ ಹೋಯಿತು. ಕಾರಣ ಸರಳ. 300 ಮೆಗಾಬಿಟ್ ಲಿಂಕ್‌ನಲ್ಲಿ 1500 ಬೈಟ್ ಕಳಿಸಲು ಬೇಕಾದದ್ದು ಬರೀ 40 ಮೈಕ್ರೋಸೆಕೆಂಡ್. ಆದರೆ ಅದಕ್ಕೂ ಮುಂಚೆ ಚಾನೆಲ್ ಖಾಲಿ ಇದೆಯಾ ಎಂದು ಕಾಯಬೇಕು, ಬೇರೆಯವರ ಜೊತೆ ಡಿಕ್ಕಿಯಾಗದಂತೆ ಇನ್ನಷ್ಟು ಹೊತ್ತು (ಬ್ಯಾಕ್‌ಆಫ್) ಎಣಿಸಬೇಕು. ಇದಕ್ಕೇ ಸರಾಸರಿ 100 ಮೈಕ್ರೋಸೆಕೆಂಡಿಗೂ ಜಾಸ್ತಿ. ಮೇಲೆ ಫ್ರೇಮ್‌ಗೆ ಮುಂಚಿನ ಪೀಠಿಕೆ ಸಿಗ್ನಲ್ (ಪ್ರಿಯಾಂಬಲ್), ಕೊನೆಗೆ ತಲುಪಿತು ಎಂಬ ಉತ್ತರ (ಆಕ್). ಲಿಂಕ್ ವೇಗ ದುಪ್ಪಟ್ಟಾದರೆ 40 ಇದ್ದದ್ದು 20 ಆಗುತ್ತದೆ, ಕಾಯುವ ಹೊತ್ತು ಹಾಗೇ ಉಳಿಯುತ್ತದೆ. 2009ರ ವೈಫೈ ಸ್ಟಾಂಡರ್ಡ್ 802.11ಎನ್ ಈ ಎರಡು ದಾರಿ ತಂದದ್ದು ಇದಕ್ಕೇ.

ಊರಿಗೆ ಬಸ್ಸಿನಲ್ಲಿ ಸಾಮಾನು ಕಳಿಸುವ ನಮ್ಮವರಿಗೆ ಇವುಗಳ ವ್ಯತ್ಯಾಸ ಬೇಗ ಹೊಳೆಯುತ್ತದೆ. ಎಲ್ಲವನ್ನೂ ಗೋಣಿಗೆ ತುಂಬಿ ಒಂದೇ ಚೀಟಿ ಅಂಟಿಸಿದರೆ ಎ-ಎಂಎಸ್‌ಡಿಯು. ಡಬ್ಬಕ್ಕೊಂದು ಚೀಟಿ ಬರೆದು ಗೋಣಿಗೆ ಹಾಕಿದರೆ ಎ-ಎಂಪಿಡಿಯು.

ಒಂದೇ ಹೆಡರ್ (ಆ ಚೀಟಿ) ಆದ್ದರಿಂದ ಎ-ಎಂಎಸ್‌ಡಿಯುನಲ್ಲಿ ಉಳಿತಾಯ ಜಾಸ್ತಿ. ಸಣ್ಣ ಪ್ಯಾಕೆಟ್‌ಗಳಿಗಂತೂ ತುಂಬಾ ಒಳ್ಳೆಯದು. ಹಾಲ್‌ನಲ್ಲಿ, ರೂಟರ್ ಪಕ್ಕದಲ್ಲಿ, ಚೆನ್ನಾಗಿಯೇ ಓಡಿತು. ಹಿಂದಿನ ರೂಮಿಗೆ ಹೋದರೆ ಕಥೆಯೇ ಬೇರೆ. ಡೇಟಾ ಕೆಟ್ಟಿದೆಯಾ ಎಂದು ನೋಡುವ ಚೆಕ್‌ಸಮ್ ಕೂಡ ಒಂದೇ ಅಲ್ವಾ? ಒಂದು ಬಿಟ್ ಕೆಟ್ಟರೂ (802.11ಎನ್‌ನಲ್ಲಿ) 7935 ಬೈಟ್‌ವರೆಗಿನ ಇಡೀ ಗುಂಪನ್ನು ಮತ್ತೆ ಕಳಿಸಬೇಕು. ಪಕ್ಕದ ಮನೆಗಳ ಗದ್ದಲ ಜಾಸ್ತಿಯಾಗುವ ಸಂಜೆ ಹೊತ್ತಿನಲ್ಲಿ ಊರಿನ ಅತ್ತೆಯ ಜೊತೆ ವಿಡಿಯೋ ಕಾಲ್ ಮಾಡಿದರೆ ಮುಖವೇ ನಿಂತುಬಿಡುತ್ತಿತ್ತು.

ಅದೇ ರೂಮಿನಲ್ಲಿ ಎ-ಎಂಪಿಡಿಯು ತಡೆದುಕೊಂಡಿತು. 802.11ಎನ್‌ನಲ್ಲಿ ಹೀಗೆ 64 ಫ್ರೇಮ್‌ವರೆಗೆ, ಒಟ್ಟು 65,535 ಬೈಟ್, ಒಂದೇ ಸರದಿಯಲ್ಲಿ ಹೋಗುತ್ತವೆ. ಪ್ರತಿಯೊಂದಕ್ಕೂ ತನ್ನದೇ ಚೆಕ್‌ಸಮ್. ಆ ಕಡೆಯಿಂದ ಬರುವ ಬ್ಲಾಕ್ ಆಕ್ ಯಾವುದು ತಲುಪಿತು, ಯಾವುದು ಇಲ್ಲ ಎಂದು ಬಿಡಿಬಿಡಿಯಾಗಿ ಹೇಳುತ್ತದೆ. ಕೆಟ್ಟದ್ದನ್ನಷ್ಟೇ ಮತ್ತೆ ಕಳಿಸಿದರೆ ಸಾಕು. ಗದ್ದಲದ ಬಿಲ್ಡಿಂಗಿಗೆ ಇದೇ ಸರಿ, ನನಗೆ ಅನುಮಾನವೇ ಇಲ್ಲ. 2013ರ 802.11ಎಸಿಯಲ್ಲಂತೂ ಡೇಟಾವೆಲ್ಲ ಎ-ಎಂಪಿಡಿಯು ರೂಪದಲ್ಲೇ ಹೋಗುತ್ತದೆ.

ಎರಡನ್ನೂ ಸೇರಿಸಬಹುದು, ಒಂದರೊಳಗೆ ಇನ್ನೊಂದು. ಸಿಗ್ನಲ್ ಗಟ್ಟಿಯಾಗಿದ್ದ ಕಡೆ ಅತಿ ಹೆಚ್ಚು ವೇಗ ಸಿಕ್ಕಿದ್ದು ಹೀಗೇ. ಹಾಗಾಗಿ ಈಗ ನಮ್ಮಲ್ಲಿ 5 ಗಿಗಾಹರ್ಟ್ಸ್‌ನಲ್ಲಿ ಎರಡೂ ಆನ್. ಹಿಂದಿನ ರೂಮಿನವರೆಗೂ ಮುಟ್ಟುವ 2.4 ಗಿಗಾಹರ್ಟ್ಸ್‌ನಲ್ಲಿ ಎ-ಎಂಪಿಡಿಯು ಮಾತ್ರ.