ಬಿಲ್ಡ್ ಬೇಗ ಆಗಲಿ ಎಂದು ಸೋರ್ಸ್ ಕೋಡನ್ನು ರ‍್ಯಾಮ್‌ನಲ್ಲಿ ಇಡಬೇಡಿ, ಅದೂ ನಮ್ಮೂರ ಮಳೆಗಾಲದಲ್ಲಿ

ಮಾರಾಯ್ರೇ, ಇಡೀ ಪ್ರಾಜೆಕ್ಟನ್ನು ಟಿಎಂಪಿಎಫ್‌ಎಸ್‌ಗೆ (ಲಿನಕ್ಸ್‌ನಲ್ಲಿ ರ‍್ಯಾಮನ್ನೇ ಡಿಸ್ಕ್‌ನ ಹಾಗೆ ಬಳಸುವ ಜಾಗ) ಹಾಕಿ ಕೆಲಸ ಮಾಡುವ ಯೋಚನೆ ಇದ್ದರೆ ಮೊದಲು ಇದನ್ನು ಓದಿ. ನನ್ನ ಮೂರು ದಿನದ ಕೆಲಸ ಒಂದು ಸಿಡಿಲಿಗೆ ಹೋಯಿತು.

ನಾನು ಮಂಗಳೂರಿನ ಕಾವೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುವವನು. ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್, ಲಿನಕ್ಸ್, 8 ಕೋರ್, 32 ಜಿಬಿ ರ‍್ಯಾಮ್. ಪೂರ್ತಿ ಬಿಲ್ಡ್‌ಗೆ, ಅಂದರೆ ಕೋಡನ್ನೆಲ್ಲ ಕಂಪೈಲ್ ಮಾಡಿ ಓಡುವ ಪ್ರೋಗ್ರಾಂ ಮಾಡಲು, ಸುಮಾರು 14 ನಿಮಿಷ, ಅದರಲ್ಲೂ ಹಲವು ಫೈಲುಗಳು ಬಳಸುವ ಒಂದು ಹೆಡರ್ ಫೈಲ್ ಮುಟ್ಟಿದರೆ ಸಾಕು, ಅರ್ಧ ಪ್ರಾಜೆಕ್ಟ್ ಮತ್ತೆ ಕಂಪೈಲ್ ಆಗುತ್ತದೆ. ಡಿಸ್ಕ್‌ನಿಂದಲೇ ತಡ ಆಗುತ್ತಿದೆ ಎಂದು ಅಂದುಕೊಂಡೆ. ಅಳೆದು ನೋಡಲಿಲ್ಲ. ಟಿಎಂಪಿಎಫ್‌ಎಸ್ ಫೈಲುಗಳನ್ನು ರ‍್ಯಾಮ್‌ನಲ್ಲೇ ಇಡುತ್ತದೆ, ನಾವು ಅಳತೆ ಹೇಳದಿದ್ದರೆ ರ‍್ಯಾಮ್‌ನ ಅರ್ಧದವರೆಗೆ ಬಳಸುತ್ತದೆ. ನನಗೆ 16 ಜಿಬಿ ಸಿಕ್ಕಿತು. ಸೋರ್ಸ್, ಬಿಲ್ಡ್ ಎರಡನ್ನೂ ಅದರೊಳಗೆ ಹಾಕಿದೆ. ಕಂಪ್ಯೂಟರ್ ಆಫ್ ಆಗುವಾಗ ಎಲ್ಲವೂ ಎಸ್‌ಎಸ್‌ಡಿಗೆ ಕಾಪಿ ಆಗುವ ಹಾಗೆ ಒಂದು ಸ್ಕ್ರಿಪ್ಟ್ ಕೂಡ ಬರೆದೆ.

ಮೂರು ದಿನ ಆಫ್ ಮಾಡಲೇ ಇಲ್ಲ, ರಾತ್ರಿ ಸ್ಲೀಪ್‌ಗೆ ಹಾಕುತ್ತಿದ್ದೆ.

ಜೂನ್ ತಿಂಗಳು, ಸಂಜೆ, ಜೋರು ಮಳೆ. ಒಂದು ಸಿಡಿಲು, ಕರೆಂಟ್ ಹೋಯಿತು. ಯುಪಿಎಸ್ ಕೂಗಲು ಶುರು ಮಾಡಿತು. ಆದರೆ ಬ್ಯಾಟರಿ ಹಳೆಯದು, ಬಿಲ್ಡ್ ನಡೆಯುತ್ತಿದ್ದುದರಿಂದ ಎಂಟೂ ಕೋರ್ ಪೂರ್ತಿ ಲೋಡ್‌ನಲ್ಲಿ ಇದ್ದವು, ನಾನು ಕುರ್ಚಿ ಎಳೆದು ಕೂರುವಷ್ಟರಲ್ಲಿ ಸ್ಕ್ರೀನ್ ಕಪ್ಪಾಯಿತು. ಆಫ್ ಆಗುವಾಗ ಓಡಬೇಕಿದ್ದ ಸ್ಕ್ರಿಪ್ಟ್, ಕರೆಂಟ್ ಹೀಗೆ ಹೋದರೆ ಓಡುವುದೇ ಇಲ್ಲ. ರ‍್ಯಾಮ್‌ನಲ್ಲಿ ಇದ್ದದ್ದೂ ಕರೆಂಟ್ ಹೋದರೆ ಉಳಿಯುವುದಿಲ್ಲ.

ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಿದ್ದೇನಲ್ಲ, ಅಂದರೆ ದಾಖಲಿಸಿದ್ದೇನಲ್ಲ ಎಂಬ ಧೈರ್ಯ ಇತ್ತು. ಆದರೆ ಗಿಟ್‌ನ ಫೋಲ್ಡರ್ ಇರುವುದೂ ಪ್ರಾಜೆಕ್ಟಿನ ಒಳಗೇ ಅಲ್ವಾ? ಅದೂ ರ‍್ಯಾಮ್‌ನಲ್ಲೇ ಇತ್ತು. ಅರ್ಧಂಬರ್ಧ ಕೋಡನ್ನು ಉಳಿದವರಿಗೆ ಯಾಕೆ ತೋರಿಸುವುದು ಎಂದು ಸರ್ವರ್‌ಗೆ ಪುಶ್ ಮಾಡಿರಲಿಲ್ಲ. ಡಿಸ್ಕ್ ಹಾಳಾದರೆ ರಿಕವರಿ ಮಾಡುವವರ ಹತ್ತಿರ ಕೊಡಬಹುದು. ಇಲ್ಲಿ ಡಿಸ್ಕ್‌ಗೆ ಏನೂ ಬರೆದೇ ಇರಲಿಲ್ಲ, ಹುಡುಕುವುದು ಎಲ್ಲಿ?

ಹೆಚ್ಚು ಬೇಸರ ಆಗಿದ್ದು ಆಮೇಲೆ, ಟೈಮ್ ಹಾಕಿ ನೋಡಿದಾಗ. ಎಸ್‌ಎಸ್‌ಡಿಯಲ್ಲಿ 14 ನಿಮಿಷ, ರ‍್ಯಾಮ್‌ನಲ್ಲಿ ಹದಿಮೂರೂವರೆ. ಅಷ್ಟೇ. ಒಮ್ಮೆ ಓದಿದ ಫೈಲನ್ನು ಲಿನಕ್ಸ್ ತಾನಾಗಿಯೇ ಖಾಲಿ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ, ಅದಕ್ಕೆ ಪೇಜ್ ಕ್ಯಾಶ್ ಎನ್ನುತ್ತಾರೆ. ನನ್ನ ಬಿಲ್ಡ್ ಕಾಯುತ್ತಿದ್ದದ್ದು ಡಿಸ್ಕ್‌ಗಲ್ಲ, ಪ್ರೊಸೆಸರ್‌ಗೆ. ಟಿಎಂಪಿಎಫ್‌ಎಸ್‌ಗೆ ಹಾಕಿದ ಫೈಲುಗಳಷ್ಟು ಜಾಗ ಸುಮ್ನೆ ಕಟ್ಟಿಹಾಕಿದ ಹಾಗಾಯಿತು, ಕಂಪೈಲರ್‌ಗೂ ಲಿಂಕರ್‌ಗೂ ಬೇಕಾದದ್ದೂ ಅದೇ ರ‍್ಯಾಮ್.

ನಿಜವಾಗಿ ಉಪಯೋಗಕ್ಕೆ ಬಂದದ್ದು ಸಿಸಿಕ್ಯಾಶ್ ಎಂಬ ಟೂಲ್. ಮೊದಲೇ ಕಂಪೈಲ್ ಆದ ಫೈಲು ಬದಲಾಗಿಲ್ಲದಿದ್ದರೆ ಹಳೆಯ ಫಲಿತಾಂಶವನ್ನೇ ಕೊಡುತ್ತದೆ, ಹಾಗಾಗಿ ಗಿಟ್‌ನಲ್ಲಿ ಬ್ರಾಂಚ್ (ಕೋಡಿನ ಬೇರೆ ಕವಲು) ಬದಲಿಸಿ ವಾಪಸ್ ಬಂದಾಗ ಬಿಲ್ಡ್ ಈಗ ಎರಡು ನಿಮಿಷದೊಳಗೆ ಮುಗಿಯುತ್ತದೆ. ಅದು ಇಟ್ಟುಕೊಳ್ಳುವ ಫಲಿತಾಂಶಗಳ ಮಿತಿ ಸಾಮಾನ್ಯವಾಗಿ 5 ಜಿಬಿ, ಪ್ರಾಜೆಕ್ಟ್ ದೊಡ್ಡದಿದ್ದರೆ ಜಾಸ್ತಿ ಮಾಡಿಕೊಳ್ಳಿ. ಇನ್ನೊಂದು, ಬಿಲ್ಡ್ ನಡೆಸುವ ಮೇಕ್ ಕಮಾಂಡ್‌ಗೆ -ಜೆ (ಒಟ್ಟಿಗೆ ಎಷ್ಟು ಕೆಲಸ ನಡೆಯಬೇಕು ಎಂದು ಹೇಳುವ ಆಯ್ಕೆ) ಕೊಡುವಾಗ ಸಂಖ್ಯೆ ಬಿಡಬೇಡಿ, ಬಿಟ್ಟರೆ ಲೆಕ್ಕವಿಲ್ಲದಷ್ಟು ಕಂಪೈಲ್ ಒಟ್ಟಿಗೆ ಶುರುವಾಗಿ ರ‍್ಯಾಮ್ ತುಂಬಿ ಮೆಷಿನ್ ನಿಂತುಬಿಡಬಹುದು. ಟಿಎಂಪಿಎಫ್‌ಎಸ್ ಬೇಕೇ ಬೇಕು ಎನ್ನುವವರು ಬಿಲ್ಡ್ ಫೋಲ್ಡರ್ ಮಾತ್ರ ಅಲ್ಲಿಡಿ. ಅದು ಹೋದರೆ ಮತ್ತೆ ಬಿಲ್ಡ್ ಮಾಡಬಹುದು.

ಫೆಡೋರಾ, ಡೆಬಿಯನ್ 13 ಎಂಬ ಲಿನಕ್ಸ್‌ಗಳನ್ನು ಬಳಸುವವರು ಇದನ್ನೂ ಗಮನಿಸಿ. ಅವುಗಳಲ್ಲಿ ತಾತ್ಕಾಲಿಕ ಫೈಲುಗಳ /ಟಿಎಂಪಿ ಫೋಲ್ಡರ್ ಸಾಮಾನ್ಯವಾಗಿ ಇರುವುದೇ ರ‍್ಯಾಮ್‌ನಲ್ಲಿ. ಅಲ್ಲಿ ಯಾವುದಾದರೂ ಗಿಟ್ ಪ್ರಾಜೆಕ್ಟಿನ ಪ್ರತಿ ಇಳಿಸಿ (ರೆಪೊ ಕ್ಲೋನ್ ಮಾಡಿ) ಬದಲಾವಣೆ ಮಾಡಿಟ್ಟಿದ್ದರೆ, ಮುಂದಿನ ಸಿಡಿಲಿಗೆ ಮೊದಲು ಪುಶ್ ಮಾಡಿಬಿಡಿ.