ಗರಡಿ ನಮ್ಮದು, ಅಂಚೆ ಅವರದು: ಡ್ಯೂಯಲ್‌ಮಾಸ್ಟರ್ಸ್ ಜೊತೆ 11 ವರ್ಷ

ಈ ಲಕೋಟೆ ಹರಿಯುವಾಗ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಒಳಗೆ ಇರುವುದು ನಮ್ಮ ಹುಡುಗರಲ್ಲಿ ಯಾರು ಗೆದ್ದ, ಯಾರು ಸತ್ತ ಅನ್ನುವ ಸುದ್ದಿ.

ಇದು ಅಂಚೆಯಲ್ಲಿ ಆಡುವ ಕಾಳಗದ ಆಟ. ಹೆಸರು ಡ್ಯೂಯಲ್‌ಮಾಸ್ಟರ್ಸ್, ಈಗ ಡ್ಯೂಯಲ್2. 1980ರ ದಶಕದಲ್ಲಿ ಶುರುವಾದದ್ದು, ನಡೆಸುವವರು ಅಮೆರಿಕದ ಅರಿಜೋನಾದವರು. ಅಲ್ಲಿ ಓದುತ್ತಿದ್ದಾಗ ರೂಮ್‌ಮೇಟ್ ಹಚ್ಚಿದ ಚಟ ಇದು.

ನೀವಿಲ್ಲಿ ಪೈಲ್ವಾನ್ ಅಲ್ಲ, ಗರಡಿಯ ಉಸ್ತಾದ್. ಕೈಕೆಳಗೆ ಐದು ಜನ. ಒಬ್ಬೊಬ್ಬನಿಗೂ ಬಲ, ತಾಳಿಕೆ, ಗಾತ್ರ, ಬುದ್ಧಿ, ಛಲ, ವೇಗ, ಕೈಚಳಕ ಅಂತ ಏಳು ಗುಣ. 70 ಅಂಕ ಆಟ ನಡೆಸುವವರೇ ಹಂಚಿ ಕಳಿಸುತ್ತಾರೆ, ಉಳಿದ 14 ನಾವು ಸೇರಿಸಬೇಕು. ಮೊದಲ ಸಲ ನಾನು ಬಲಕ್ಕೂ ವೇಗಕ್ಕೂ ಸುರಿದೆ. ಬುದ್ಧಿ ಕಮ್ಮಿ ಇದ್ದವನು ಎಷ್ಟು ಕಾದಾಡಿದರೂ ಹೆಚ್ಚೇನೂ ಕಲಿಯುವುದಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ಜೇಬು ಹಗುರಾಗಿತ್ತು. ದುಡ್ಡು ಪ್ರತಿ ಸರದಿಗೂ ಕಟ್ಟಬೇಕು, ನೆನಪಿರಲಿ.

ಆಮೇಲೆ ಹತ್ತು ಶೈಲಿಗಳಲ್ಲಿ ಒಂದನ್ನು ಆರಿಸಿ, ಆಯುಧ, ಕವಚ ಬರೆದು, ಎಷ್ಟು ನುಗ್ಗಬೇಕು, ಎಷ್ಟು ಓಡಾಡಬೇಕು, ಕೊಲ್ಲುವ ಹಟ ಎಷ್ಟಿರಬೇಕು ಅಂತ ನಿಮಿಷ ನಿಮಿಷಕ್ಕೂ 1ರಿಂದ 10ರೊಳಗೆ ಅಂಕಿ ತುಂಬಬೇಕು. ಪ್ರತಿಯೊಬ್ಬನಿಗೂ ಇಷ್ಟದ ಆಯುಧ ಒಂದಿರುತ್ತದೆ. ಅದನ್ನು ಮಾತ್ರ ಹೇಳುವುದಿಲ್ಲ, ನಾವೇ ಊಹಿಸಬೇಕು. ಹಾಳೆ ಅಂಚೆಗೆ ಬಿತ್ತೋ, ಮುಗೀತು. ಕಾಳಗ ಅವರೇ ನಡೆಸಿ, ಏನಾಯಿತು ಅಂತ ಬರೆದು ಕಳಿಸುತ್ತಾರೆ. ಇನ್ನು ಕೈ ಹಿಸುಕಿಕೊಂಡು ಕಾಯುವುದಷ್ಟೇ. ಈ ಕಾಯುವಿಕೆ ಬೇಜಾರು ಅನ್ನುವವರಿಗೆ ಈ ಆಟ ಬೇಡವೇ ಬೇಡ.

ನನ್ನ ಹತ್ತಿರ ಗುಂಡ ಅಂತ ಒಬ್ಬನಿದ್ದ. ಹೆಸರಿಗಷ್ಟೇ ಗುಂಡ, ಗಾತ್ರ ಬರೀ 5. ಬುದ್ಧಿ 17. ಏಟು ತಡೆದು, ಸಂದಿ ನೋಡಿ ತಿವಿಯುವವನು. ಎದುರಾಳಿ ಸುಸ್ತಾಗುವವರೆಗೂ ಸುಮ್ನೆ ತಡೆಯುತ್ತಾ ನಿಲ್ಲುತ್ತಿದ್ದ. ಕಾಳಗ ಪೂರ್ತಿ ಏಟಿಗೊಂದು ಸಾಲಿನಂತೆ ಅಚ್ಚಾಗಿ ಬರುತ್ತದೆ. ಕೊನೆಯ ಸಾಲಿಗೆ ಕಣ್ಣು ಹೋಗದಿರಲಿ ಅಂತ ನಾನು ಇನ್ನೊಂದು ಕಾಗದ ಅಡ್ಡ ಇಟ್ಟುಕೊಂಡು ಓದುತ್ತೇನೆ. 23ನೇ ಕಾಳಗದ ದಿನವೂ ಹಾಗೇ ಓದಿದೆ. ಎರಡನೇ ನಿಮಿಷದಲ್ಲಿ ತಲೆಗೆ ಕೊಡಲಿ ಬಿತ್ತು. ಕಾಗದ ಸರಿಸಿದರೆ ಕೆಳಗೆ ಸಾಲೇ ಇಲ್ಲ. ಒಲೆ ಮೇಲಿನ ಸಾರು ಉಕ್ಕಿ ಹರಿದದ್ದೂ ಗೊತ್ತಾಗಲಿಲ್ಲ.

ಇಲ್ಲಿ ಸತ್ತವನು ಸತ್ತ ಹಾಗೇ. ಇದು ಅನ್ಯಾಯ ಅಂತ ಬೈಯುವವರಿದ್ದಾರೆ. ಸಾವಿಲ್ಲದಿದ್ದರೆ ನಾನಂತೂ ಎರಡನೇ ವರ್ಷಕ್ಕೇ ಬಿಡುತ್ತಿದ್ದೆ. ಕೊಂದವನ ಮೇಲೆ ಸೇಡಿನ ಸವಾಲು ಹಾಕುವ ಹಕ್ಕು ನಮಗುಂಟು, ಅದಕ್ಕೆ ಬ್ಲಡ್‌ಫ್ಯೂಡ್ ಅನ್ನುತ್ತಾರೆ. ಸರದಿಯ ಜೊತೆ ಬರುವ ಪತ್ರಿಕೆಯಲ್ಲಿ ಗುಂಡನನ್ನು ಕೊಂದವನ ಉಸ್ತಾದ್ ನನಗೆ ಎರಡು ಸಾಲು ಬರೆದಿದ್ದ. ಇಲ್ಲಿ ಎಲ್ಲರೂ ಸುಳ್ಳು ಹೆಸರಲ್ಲೇ ಬರೆಯುವುದು, ಆಳು ಯಾರೋ ಗೊತ್ತಿಲ್ಲ. ನಿಮ್ಮ ಕುಳ್ಳ ಚೆನ್ನಾಗಿ ಆಡಿದ ಅಂತ ಬರೆದಿದ್ದ. ಪುಣ್ಯಾತ್ಮ.

ಈಗ ಹಾಳೆಯನ್ನು ಇಮೇಲ್‌ನಲ್ಲೂ ಕಳಿಸಬಹುದು. ನನಗೆ ಕಾಗದವೇ ಇಷ್ಟ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ, ಅರ್ಧ ಕಳೆದದ್ದು ಗುಂಡನಿಗಾಗಿ.

ಅವನ ಜಾಗಕ್ಕೆ ಹೊಸಬ ಬಂದಿದ್ದಾನೆ. ಚಿಕ್ಕಗುಂಡ ಅಂತ ಹೆಸರಿಟ್ಟೆ. ಗಾತ್ರ 19.