ರೆಡಿ ವಸ್ಲಿ ಹಾಳೆ: ದುಡ್ಡಿಗೆ ಮೋಸವಿಲ್ಲ, ಉಜ್ಜುವ ಕೆಲಸ ಮಾತ್ರ ನಿಮ್ಮದೇ

ಮೈಸೂರಿನ ಶಿವರಾಂಪೇಟೆ ಕಡೆಯ ಒಂದು ಅಂಗಡಿಯಲ್ಲಿ ಈಗ ಜೈಪುರದಿಂದ ತರಿಸಿದ ರೆಡಿ ವಸ್ಲಿ ಸಿಗುತ್ತಿದೆ. ನಾನು ಬರೆಯುವುದೆಲ್ಲ ಗಂಜೀಫಾ (ಕೈಯಲ್ಲಿ ಚಿತ್ರ ಬರೆದ ಹಳೆಯ ಕಾಲದ ಇಸ್ಪೀಟು) ಎಲೆಯಳತೆಯ ಚಿತ್ರಗಳು. ಆನೆಯ ಕಣ್ಣಿಗೆ ರೆಪ್ಪೆ ಎಳೆಯುವಾಗ ಹಾಳೆಯಿಂದ ಒಂದು ನಾರು ಎದ್ದರೂ ಗೆರೆ ಕೆಟ್ಟಿತು ಅಂತಲೇ. ಚಿತ್ರ ಬರೆಯಲು ಬಳಸುವ ಮಾಮೂಲಿ ಕಾರ್ಟ್ರಿಜ್ ಹಾಳೆಗಿಂತ ಇದು ಎಷ್ಟೋ ಮೇಲು.

ವಸ್ಲಿ ಅಂದರೆ ಕೈಕಾಗದವನ್ನು ಪದರ ಪದರವಾಗಿ ಅಂಟಿಸಿ, ಕಲ್ಲಿನಲ್ಲಿ ಉಜ್ಜಿ ನಯ ಮಾಡಿದ ಹಾಳೆ. ಮೊಗಲ್, ರಾಜಸ್ಥಾನಿ ಕಿರುಚಿತ್ರಗಳನ್ನು ಬರೆದಿದ್ದು ಇಂಥದ್ದರ ಮೇಲೆಯೇ. ಹುಳ ಹತ್ತದಿರಲಿ ಅಂತ ಅಂಟಿಗೆ ಸ್ವಲ್ಪ ಮೈಲುತುತ್ತು ಬೆರೆಸುವುದುಂಟು. ನಮ್ಮ ಗೊಬ್ಬರದಂಗಡಿಗಳಲ್ಲಿ ಮಾರುವ ಅದೇ ನೀಲಿ ಹರಳು; ಮನೆಯಲ್ಲೇ ಅಂಟು ಕಾಯಿಸುವವರು ಅಡುಗೆ ಪಾತ್ರೆ ಬಳಸಬೇಡಿ, ವಿಷ ಅದು.

ಕೊಳ್ಳುವಾಗ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಪದರದ ನಡುವೆ ಗಾಳಿ ಸೇರಿದ ಕಡೆ ಸಣ್ಣಗೆ ಉಬ್ಬಿರುತ್ತದೆ. ಮನೆಗೆ ತಂದ ಮೇಲೆ ಮೂಲೆಗೊಂದು ಹನಿ ನೀರು ಬಿಡಿ. ಹನಿ ಮಣಿಯಂತೆ ನಿಂತರೆ ಸರಿ, ತಕ್ಷಣ ಹೀರಿಕೊಂಡರೆ ಬಣ್ಣವೂ ಹಾಗೇ ಹರಡುತ್ತದೆ. ನನ್ನ ಹಾಳೆಗಳಲ್ಲಿ ಹನಿ ನಿಂತಿತು.

ಆದರೆ ಅಂಗಡಿಯಿಂದ ಬಂದ ಹಾಳೆಯಲ್ಲಿರುವ ನಯ ಸಾಲದು. ಗಾಜಿನ ಮೇಲೆ ಹಾಳೆ ಹಾಸಿ ಅಗೇಟ್ ಕಲ್ಲಿನಿಂದ ಉಜ್ಜಬೇಕು. ಮೊದಮೊದಲು ಕಲ್ಲು ತಡೆದು ತಡೆದು ಸರಸರ ಅನ್ನುತ್ತದೆ. ಆಮೇಲೆ ಸದ್ದಡಗಿ ತಾನಾಗಿ ಜಾರುತ್ತದೆ. ಕಿಟಕಿಯತ್ತ ಓರೆ ಹಿಡಿದರೆ ಉಜ್ಜದೆ ಬಿಟ್ಟ ಜಾಗ ಮಂಕಾಗಿ ಕಾಣುತ್ತದೆ, ಅಲ್ಲಿಗೆ ಇನ್ನೊಂದು ಕೈ. ಗೆರೆ ಹಾಕಿದ ಮೇಲೆ ಬಿಳಿ ಬಣ್ಣವನ್ನು ಗೋಂದಿನ ನೀರಿನಲ್ಲಿ ತೆಳ್ಳಗೆ ಕಲಸಿ, ಕೆಳಗಿನ ಗೆರೆ ಮಸುಕಾಗಿ ಕಾಣುವಷ್ಟೇ ಬಳಿಯಿರಿ. ದಪ್ಪ ಬಳಿದರೆ ಬಿರುಕು ಗ್ಯಾರಂಟಿ. ಒಣಗಿದ ಮೇಲೆ ಬೋರಲು ಹಾಕಿ ಹಾಳೆಯ ಬೆನ್ನಿನ ಕಡೆಯಿಂದ ಉಜ್ಜಿ; ಬಣ್ಣ ತುಂಬಿದ ಮೇಲೂ ಹಾಗೇ.

ಮೈಸೂರು ಶೈಲಿಯಲ್ಲಿ ಗೆಸ್ಸೊ (ಉಬ್ಬು ಕೆಲಸಕ್ಕೆ ಹಚ್ಚುವ ಲೇಪ) ಎತ್ತಿ ಚಿನ್ನದ ರೇಕು ಕೂರಿಸುವವರು ಇದನ್ನು ಬರಿಯ ಹಾಳೆಯಾಗಿ ಬಳಸಬೇಡಿ. ಬಾಗಿದರೆ ಗೆಸ್ಸೊ ಉದುರುತ್ತದೆ, ಹಲಗೆಗೆ ಅಂಟಿಸಿಕೊಳ್ಳಲೇಬೇಕು.

ನನ್ನ ತಕರಾರು ಒಂದೇ. ಅಂಗಡಿಯವರು ಇಂಥ ಹಾಳೆಯನ್ನೂ ಕ್ಯಾಲೆಂಡರ್ ಸುತ್ತಿದ ಹಾಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾರೆ. ಅಂಚಿನಲ್ಲಿ ಪದರ ಬಿಟ್ಟುಕೊಂಡಿತ್ತು, ಆ ಭಾಗ ಕತ್ತರಿಸಿ ಎಸೆದೆ. ಹೋಗುವಾಗ ನೀವೇ ಎರಡು ರಟ್ಟು ತಗೊಂಡು ಹೋಗಿ. ಆಷಾಢದ ಮಳೆಯಿದ್ದರೆ ಮೇಲೊಂದು ಪ್ಲಾಸ್ಟಿಕ್ ಕವರೂ ಇರಲಿ.